'ಆಮ್ಯುಲೆಟ್' ಸರಣಿ ಬಗ್ಗೆ ಓದಿದವರು ಏನಂತಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೆ ಒಂದು ಸಾಹಸದ ಗ್ರಾಫಿಕ್ ಕಾದಂಬರಿ ಕೊಡಿಸೋಣ ಅಂತ ಹೊರಟವರಿಗೆ ಕಾಜು ಕಿಬುಯಿಶಿಯ 'ಆಮ್ಯುಲೆಟ್' ಎಲ್ಲೋ ಒಂದು ಕಡೆ ಎದುರಾಗೇ ಆಗುತ್ತದೆ. ಕೊಳ್ಳುವ ಮುಂಚೆ ಅಭಿಪ್ರಾಯ ಓದೋಣ ಅಂತ ಕೂತರೆ ತಲೆ ಕೆಡುತ್ತದೆ. ಒಬ್ಬರು ಮಗು ಪುಸ್ತಕ ಕೆಳಗಿಡಲಿಲ್ಲ ಅಂತಾರೆ, ಇನ್ನೊಬ್ಬರು ಚಿತ್ರ ಚೆಂದ, ಕಥೆ ಸಪ್ಪೆ ಅಂತಾರೆ, ಮತ್ತೊಬ್ಬರು ಮೊದಲ ಪುಟಗಳಲ್ಲೇ ಮಗು ಅತ್ತುಬಿಟ್ಟಿತು ಅಂತಾರೆ. ನನ್ನನ್ನು ಕೇಳಿದರೆ ಮೂವರೂ ಸುಳ್ಳು ಹೇಳುತ್ತಿಲ್ಲ. ಯಾರು ಎಷ್ಟನೇ ಭಾಗಕ್ಕೆ ನಿಲ್ಲಿಸಿದರು ಅನ್ನೋದನ್ನ ಮೊದಲು ನೋಡಬೇಕು, ಆಮೇಲೆ ಅವರ ಅಭಿಪ್ರಾಯ ಓದಬೇಕು.

ಮೊದಲು ಇದು ಹೇಳಿ, ಇದು ಆಮ್ಲೆಟ್ ಬಗ್ಗೆ ಅಲ್ಲ ತಾನೇ?

ಅಲ್ಲ. ಎಲ್ಲ ಮಕ್ಕಳೂ ಒಂದು ಸಲ ಈ ಜೋಕ್ ಮಾಡೇ ಮಾಡ್ತಾರೆ. ಇದು ತಾಯತ, ಕೊರಳಲ್ಲಿ ಕಟ್ಟಿಕೊಳ್ಳುವ ಮಂತ್ರದ ಕಲ್ಲು.

ಒಟ್ಟು ಎಷ್ಟು ಭಾಗ? ಮುಗಿದಿದೆಯಾ?

ಒಂಬತ್ತು ಭಾಗ. ಮುಗಿದಿದೆ. ಮೊದಲನೆಯದು 'ದಿ ಸ್ಟೋನ್‌ಕೀಪರ್', 2008ರಲ್ಲಿ ಬಂತು. ಒಂಬತ್ತನೆಯದು 'ವೇವ್‌ರೈಡರ್', 2024ರಲ್ಲಿ. ಎರಡರ ನಡುವೆ ಹದಿನಾರು ವರ್ಷ. ಪ್ರಕಾಶಕರು ಅಮೆರಿಕದ ಸ್ಕೊಲಾಸ್ಟಿಕ್, ಅವರ ಗ್ರಾಫಿಕ್ಸ್ ಅನ್ನುವ ವಿಭಾಗ. ಬರೆದವರೂ ಚಿತ್ರಿಸಿದವರೂ ಒಬ್ಬರೇ. ಕಿಬುಯಿಶಿ ಟೋಕಿಯೊದಲ್ಲಿ 1978ರಲ್ಲಿ ಹುಟ್ಟಿದವರು, ಬೆಳೆದದ್ದು ಅಮೆರಿಕದಲ್ಲಿ, ಕಾಲೇಜಿನಲ್ಲಿ ಓದಿದ್ದು ಸಿನಿಮಾ. ಆ ಸಿನಿಮಾ ಓದು ಪುಟ ಪುಟದಲ್ಲೂ ಕಾಣುತ್ತದೆ, ಅದರ ಮಾತು ಮುಂದೆ ಬರುತ್ತೆ.

ಕಥೆ ಏನು? ಗುಟ್ಟು ಬಿಟ್ಟುಕೊಡದೆ ಹೇಳಿ.

ಎಮಿಲಿ ಮತ್ತು ಅವಳ ತಮ್ಮ ನೇವಿನ್. ಅಪ್ಪ ಕಾರು ಅಪಘಾತದಲ್ಲಿ ತೀರಿಕೊಂಡು ಎರಡು ವರ್ಷ ಆಗಿದೆ. ದುಡ್ಡಿನ ಕಷ್ಟ. ಅಮ್ಮ ಇಬ್ಬರನ್ನೂ ಕರಕೊಂಡು ಮುತ್ತಜ್ಜ ಸೈಲಸ್ ಚಾರ್ನನ್ ಬಿಟ್ಟುಹೋದ ಹಳೇ ಮನೆಗೆ ಬರುತ್ತಾಳೆ. ಧೂಳು ಹೊಡೆಯುವಾಗ ಎಮಿಲಿಗೆ ಒಂದು ತಾಯತ ಸಿಗುತ್ತದೆ. ರಾತ್ರಿ ನೆಲಮಾಳಿಗೆಯಲ್ಲಿ ಸದ್ದು. ನೋಡಲು ಹೋದ ಅಮ್ಮನನ್ನು ಗ್ರಹಣಾಂಗಗಳಿರುವ ಒಂದು ಪ್ರಾಣಿ ನುಂಗಿಕೊಂಡು ಹೋಗುತ್ತದೆ. ಮಕ್ಕಳಿಬ್ಬರೂ ಹಿಂದೆಯೇ ಓಡಿ ಅಲೀಡಿಯಾ ಅನ್ನುವ ಬೇರೊಂದು ಲೋಕಕ್ಕೆ ಬೀಳುತ್ತಾರೆ. ಅಲ್ಲಿ ಎಲ್ಫ್‌ಗಳು (ಪಾಶ್ಚಾತ್ಯ ಜನಪದ ಕಥೆಗಳ ಮಾಯಾಜೀವಿಗಳು), ರೋಬೋಗಳು, ಮಾತಾಡುವ ನರಿ, ಹಾರುವ ಹಡಗು ಎಲ್ಲ ಇವೆ.

ತಾಯತ ಎಮಿಲಿಗೆ ಶಕ್ತಿ ಕೊಡುತ್ತದೆ. ಆದರೆ ಅದರೊಳಗೆ ಒಂದು ದನಿ ಇದೆ, ಅದು ಅವಳ ಜೊತೆ ಮಾತಾಡುತ್ತದೆ, ಅದಕ್ಕೂ ಅದರದೇ ಲೆಕ್ಕಾಚಾರ ಇದೆ. ಕಲ್ಲನ್ನು ಎಮಿಲಿ ಆಳ್ತಾಳಾ, ಎಮಿಲಿಯನ್ನು ಕಲ್ಲು ಆಳುತ್ತಾ? ಒಂಬತ್ತು ಭಾಗದ ಎಳೆ ಇದೇ.

ಒಂದೇ ಪುಸ್ತಕದ ಬಗ್ಗೆ ಅಭಿಪ್ರಾಯ ಇಷ್ಟು ಬೇರೆ ಬೇರೆ ಯಾಕೆ?

ಈ ಪುಟ ಬರೆಯೋಕೆ ಕಾರಣವೇ ಈ ಪ್ರಶ್ನೆ. ಸ್ವಲ್ಪ ಉದ್ದ ಉತ್ತರ ಕೊಡ್ತೀನಿ.

ದೊಡ್ಡವರು ಬಹುಪಾಲು ಮೊದಲ ಭಾಗ ಮಾತ್ರ ಓದುತ್ತಾರೆ. ಮಗುವಿಗೆ ಕೊಡುವ ಮುಂಚೆ ಒಮ್ಮೆ ನೋಡೋಣ ಅಂತ ಓದಿ, ಅಷ್ಟಕ್ಕೇ ತೀರ್ಪು ಬರೆದುಬಿಡುತ್ತಾರೆ. ಅವರ ದೂರುಗಳು ಹೆಚ್ಚುಕಮ್ಮಿ ಒಂದೇ ತರಹ ಇರುತ್ತವೆ: ತುಂಬಾ ಬೇಗ ಓಡುತ್ತದೆ, ಪಾತ್ರಗಳ ಮನಸ್ಸು ಗೊತ್ತಾಗುವುದಿಲ್ಲ, ಕಥೆ ಅರ್ಧಕ್ಕೆ ನಿಂತಿದೆ. ಎಲ್ಲವೂ ನಿಜ. ಆದರೆ ಮೊದಲ ಭಾಗ ಒಂದು ಇಡೀ ಕಥೆ ಅಲ್ಲ. ಯಕ್ಷಗಾನಕ್ಕೆ ಹೋಗಿ ಒಡ್ಡೋಲಗ ನೋಡಿ ಎದ್ದು ಬಂದು, ಪ್ರಸಂಗದಲ್ಲಿ ಏನೂ ಇರಲಿಲ್ಲ ಅಂದರೆ ಹೇಗೆ?

ಮಕ್ಕಳ ಕಥೆ ಬೇರೆ. ಅವರು ಎರಡನೆಯದು, ಮೂರನೆಯದು ಅಂತ ಸಾಲಾಗಿ ಓದುತ್ತಾರೆ. ಮೂರನೇ ಭಾಗದ ಹೊತ್ತಿಗೆ ಅವರಿಗೆ ಇದು ತಮ್ಮದೇ ಬಳಗ ಆಗಿರುತ್ತದೆ. ಅವರ ದೂರು ಏನಿದ್ದರೂ ಕಾಯಿಸಿದ್ದಕ್ಕೆ, ಯಾರೋ ಒಬ್ಬರಿಗೆ ಕಡಿಮೆ ಪುಟ ಕೊಟ್ಟದ್ದಕ್ಕೆ.

ಇನ್ನು ಒಂಬತ್ತೂ ಮುಗಿಸಿದವರು. ಇವರದು ಮೂರನೇ ಗುಂಪು, ಅತ್ಯಂತ ಕಟುವಾಗಿ ಮಾತಾಡುವವರೂ ಇವರೇ, ಯಾಕೆಂದರೆ ಇವರಿಗೆ ಪ್ರೀತಿ ಜಾಸ್ತಿ. ಕೊನೆಯಲ್ಲಿ ಗಂಟುಗಳನ್ನು ಅವಸರದಲ್ಲಿ ಬಿಚ್ಚಿದ್ದಾರೆ ಅನ್ನೋದು ಇವರ ಮುಖ್ಯ ಕೊರಗು.

ಹಾಗಾಗಿ ಯಾರದಾದರೂ ಅಭಿಪ್ರಾಯ ಓದುವಾಗ ಅವರು ಎಲ್ಲಿಯವರೆಗೆ ಓದಿದ್ದಾರೆ ಅಂತ ಹುಡುಕಿ. ಗೊತ್ತಾಗಲಿಲ್ಲ ಅಂದರೆ ಆ ಅಭಿಪ್ರಾಯ ಮೊದಲ ಭಾಗದ ಬಗ್ಗೆಯೇ ಅಂದುಕೊಳ್ಳಿ, ಬಹುತೇಕ ಸರಿಯಾಗಿರುತ್ತೆ.

ಶುರುವಿನಲ್ಲೇ ಅಪ್ಪ ಸಾಯುತ್ತಾನಂತೆ. ಮಕ್ಕಳ ಪುಸ್ತಕದಲ್ಲಿ ಇದು ಬೇಕಿತ್ತಾ?

ಅತಿ ಹೆಚ್ಚು ಜಗಳ ನಡೆಯುವುದು ಈ ಕೆಲವೇ ಪುಟಗಳ ಬಗ್ಗೆ.

ಆಗುವುದು ಇಷ್ಟು. ರಾತ್ರಿ, ಕಾರಿನಲ್ಲಿ ಅಪ್ಪ ಅಮ್ಮ ಎಮಿಲಿ. ಕಾರು ರಸ್ತೆ ಬಿಟ್ಟು ಜಾರಿ ಪ್ರಪಾತದ ಅಂಚಿಗೆ ಬರುತ್ತದೆ. ಅಮ್ಮ, ಎಮಿಲಿ ಹೊರಗೆ ಬರುತ್ತಾರೆ. ಅಪ್ಪನ ಕಾಲು ಸಿಕ್ಕಿಕೊಂಡಿದೆ. ಮಗಳನ್ನು ಕರಕೊಂಡು ಹೋಗು ಅಂತ ಹೆಂಡತಿಗೆ ಹೇಳುತ್ತಾನೆ. ಕಾರು ಬೀಳುತ್ತದೆ. ರಕ್ತ ತೋರಿಸುವುದಿಲ್ಲ, ಕಿರುಚಾಟವನ್ನು ಎಳೆಯುವುದೂ ಇಲ್ಲ. ಆದರೆ ಎಮಿಲಿ ನೋಡುತ್ತಿದ್ದಾಳೆ, ಓದುವ ಮಗುವೂ ಅವಳ ಜೊತೆ ನೋಡುತ್ತಿದೆ. ಅದು ತಟ್ಟುತ್ತದೆ.

ಇದಿಲ್ಲದೆ ಶುರು ಮಾಡಬಹುದಿತ್ತು, ಎರಡು ಸಾಲಲ್ಲಿ ಹೇಳಿ ಮುಗಿಸಬಹುದಿತ್ತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಅಮ್ಮ ಕಾಣೆಯಾದಾಗ ಹನ್ನೆರಡು ಹದಿಮೂರರ ಹುಡುಗಿ ಗೊತ್ತುಗುರಿಯಿಲ್ಲದ ಕತ್ತಲಿಗೆ ಯಾಕೆ ಇಳಿಯುತ್ತಾಳೆ? ಆ ಕಲ್ಲು ಅಪಾಯ ಅಂತ ಗೊತ್ತಿದ್ದೂ ಯಾಕೆ ಕೊರಳಿಗೆ ಹಾಕಿಕೊಳ್ಳುತ್ತಾಳೆ? ಒಮ್ಮೆ ಕಳಕೊಂಡವಳು ಇನ್ನೊಮ್ಮೆ ಕಳಕೊಳ್ಳಲು ಒಪ್ಪುತ್ತಿಲ್ಲ, ಅಷ್ಟೇ. ಆ ಪುಟಗಳನ್ನು ಕಿತ್ತರೆ ಎಮಿಲಿಯ ಉಳಿದ ಎಲ್ಲ ನಿರ್ಧಾರಗಳೂ ಸುಮ್ನೆ ಹಠ ಆಗಿಬಿಡುತ್ತವೆ. ಕಲ್ಲಿನೊಳಗಿನ ದನಿ ಮುಂದಿನ ಭಾಗಗಳಲ್ಲಿ ಅವಳನ್ನು ಹಿಡಿಯುವುದೂ ಇದೇ ಗಾಯದ ಮೂಲಕ.

ಆದರೆ ಒಂದು ಮಾತು. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ, ಅದರಲ್ಲೂ ಅಪಘಾತದಲ್ಲಿ, ಈ ಪುಸ್ತಕವನ್ನು ಹುಟ್ಟುಹಬ್ಬದ ಉಡುಗೊರೆ ಅಂತ ಸುತ್ತಿ ಕೊಡಬೇಡಿ. ಪಕ್ಕ ಕೂತು ಓದಿ. ಕೆಲವು ಮಕ್ಕಳಿಗೆ ಇದು ಮಾತಾಡಲು ದಾರಿ ಮಾಡಿಕೊಡುತ್ತದೆ, ಕೆಲವರಿಗೆ ಈಗ ಬೇಡ ಅನ್ನಿಸುತ್ತದೆ. ಬೇಡ ಅಂದರೆ ಬೇಡ, ಪುಸ್ತಕ ಎಲ್ಲೂ ಓಡಿಹೋಗಲ್ಲ.

ಯಾವ ವಯಸ್ಸಿಗೆ? ತುಂಬಾ ಭಯ ಆಗುತ್ತಾ?

ಪ್ರಕಾಶಕರು ಹೇಳುವುದು 8ರಿಂದ 12 ವರ್ಷ. ನನಗೆ ಸರಿ ಅನ್ನಿಸುತ್ತದೆ. ಭಯ ಇದೆ, ಇಲ್ಲ ಅನ್ನಲ್ಲ. ಅಮ್ಮನನ್ನು ಹೊತ್ತೊಯ್ಯುವ ಪ್ರಾಣಿ ಅಂಟಂಟಾಗಿ, ಅಸಹ್ಯವಾಗಿ ಇದೆ. ಎಲ್ಫ್‌ಗಳು ಅಂದರೆ ಇಲ್ಲಿ ಹಲ್ಲು ಮಸೆಯುವ ಸೈನಿಕರು, ಮುದ್ದು ಬರುವಂಥವರಲ್ಲ. ಮುಂದಿನ ಭಾಗಗಳಲ್ಲಿ ಯುದ್ಧ, ಊರುಗಳ ನಾಶ, ಪ್ರೀತಿಯ ಪಾತ್ರಗಳ ಸಾವು ಎಲ್ಲ ಬರುತ್ತದೆ.

ಆದರೆ ಭಯದ ಪಕ್ಕದಲ್ಲೇ ನಗು ಇಟ್ಟಿದ್ದಾರೆ. ಮಿಸ್ಕಿಟ್ ಅನ್ನೋ ಗುಲಾಬಿ ಬಣ್ಣದ ಮೊಲದ ರೋಬೋ ಮತ್ತು ಕಾಗ್ಸ್‌ಲೀ ಅನ್ನೋ ಸಿಡುಕು ರೋಬೋ ಬಂದ ಮೇಲೆ ಪುಟ್ಟ ಮಕ್ಕಳ ಉಸಿರು ಸ್ವಲ್ಪ ಸಡಿಲ ಆಗುತ್ತದೆ. ಆರು ವರ್ಷದ ತಮ್ಮ ಅಕ್ಕನ ಹೆಗಲ ಮೇಲಿಂದ ಇಣುಕಿ ಓದುವುದನ್ನು ತಡೆಯಲಂತೂ ಆಗಲ್ಲ. ಮಲಗುವ ಹೊತ್ತಿಗೆ ಬೇಡ ಅನ್ನಿ, ಅಷ್ಟು ಸಾಕು.

ಇನ್ನೂರು ಪುಟದ ಪುಸ್ತಕ ಅರ್ಧ ಮುಕ್ಕಾಲು ಗಂಟೇಲಿ ಮುಗಿಯುತ್ತೆ. ದುಡ್ಡು ದಂಡ ಅಲ್ವಾ?

ದೊಡ್ಡವರ ನಂಬರ್ ಒನ್ ದೂರು ಇದೇ. ಹೌದು, ಮೊದಲ ಓದು ಬೇಗ ಮುಗಿಯುತ್ತದೆ. ಮಾತು ಕಡಿಮೆ. ಎಷ್ಟೋ ಪುಟಗಳಲ್ಲಿ ಒಂದಕ್ಷರವೂ ಇಲ್ಲ. ಪದಕ್ಕೆ ಇಷ್ಟು ರೂಪಾಯಿ ಅಂತ ಲೆಕ್ಕ ಹಾಕಿದರೆ ದುಬಾರಿಯೇ.

ಆದರೆ ಮಗುವನ್ನು ಸ್ವಲ್ಪ ಗಮನಿಸಿ. ಮುಗಿದ ಕೂಡಲೇ ಮೊದಲ ಪುಟಕ್ಕೆ ತಿರುಗಿಸುತ್ತದೆ. ಮೊದಲ ಸಲ ಏನಾಗುತ್ತೆ ಅಂತ ಓಡುತ್ತದೆ, ಎರಡನೇ ಸಲ ನಿಂತು ನೋಡುತ್ತದೆ. ಹಾರುವ ಹಡಗಿನಲ್ಲಿ ಯಾವ ಕಿಟಕಿ ಎಲ್ಲಿದೆ, ಆ ಮನೆಯ ಯಂತ್ರ ಹೇಗೆ ಕೆಲಸ ಮಾಡುತ್ತೆ, ಹಿಂದೆ ನಿಂತಿರುವ ಆ ಪ್ರಾಣಿ ಯಾವುದು. ಮೂರನೇ ಸಲಕ್ಕೆ ಪೆನ್ಸಿಲ್ ಹಿಡಿದು ನಕಲು ಮಾಡುತ್ತದೆ. ನಮ್ಮಲ್ಲಿ ಬಾಲಮಂಗಳದ ಡಿಂಗನ ಕಥೆಗಳನ್ನು ರಟ್ಟು ಹರಿಯುವ ತನಕ ಓದಿದ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ಮಾತು ನಿಜವಾಗಿಯೂ ಕಾಡುತ್ತಿದ್ದರೆ ಗ್ರಂಥಾಲಯದಿಂದ ತನ್ನಿ, ಇಲ್ಲವೇ ಎರಡು ಮೂರು ಮನೆಯವರು ಸೇರಿ ಕೊಂಡು ಹಂಚಿಕೊಳ್ಳಿ. ಬೇಗ ಮುಗಿಯುವ ಪುಸ್ತಕಕ್ಕೆ ಇದೊಂದು ಲಾಭ, ಯಾರೂ ತಿಂಗಳುಗಟ್ಟಲೆ ಇಟ್ಟುಕೊಳ್ಳಲ್ಲ.

ಮಗು ಬರೀ ಚಿತ್ರ ನೋಡುತ್ತೆ, ಓದಲ್ಲ. ಇದು ಓದು ಅನ್ನಿಸುತ್ತಾ?

ಅನ್ನಿಸುತ್ತೆ. ಇಲ್ಲಿ ಕಥೆ ಹೇಳುವುದೇ ಚಿತ್ರ. ಕಿಬುಯಿಶಿ ಸಿನಿಮಾ ಓದಿದವರು ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಪಾತ್ರಗಳ ಮುಖ ತುಂಬಾ ಸರಳ, ಕೆಲವೇ ಗೆರೆ. ಹಿನ್ನೆಲೆ ಮಾತ್ರ ಬಣ್ಣದಲ್ಲಿ ಅದ್ದಿದ ಹಾಗೆ ತುಂಬಿಕೊಂಡಿರುತ್ತದೆ, ಬೆಟ್ಟ, ಮೋಡ, ಸಂಜೆಯ ಬೆಳಕು. ಮೊದಲು ಇಕ್ಕಟ್ಟಾದ ಸಣ್ಣ ಸಣ್ಣ ಚೌಕಗಳಲ್ಲಿ ಓಡಿಸಿ, ಉಸಿರುಗಟ್ಟಿಸಿ, ಪುಟ ತಿರುಗಿಸಿದ ಕೂಡಲೇ ಎರಡು ಪುಟ ತುಂಬ ಒಂದೇ ಚಿತ್ರ ಬಿಚ್ಚುತ್ತಾರೆ. ಮಕ್ಕಳು ಅಲ್ಲಿ ತಾವಾಗೇ ನಿಲ್ಲುತ್ತಾರೆ.

ಮಗು ನಿಜವಾಗಿ ಓದುತ್ತಿದೆಯಾ ಅಂತ ಅನುಮಾನ ಇದ್ದರೆ ಮಾತಿಲ್ಲದ ಒಂದು ಪುಟ ತೆಗೆದು ಇಲ್ಲಿ ಏನಾಗ್ತಿದೆ ಅಂತ ಕೇಳಿ. ಇವಳು ಯಾಕೆ ಹಿಂದೆ ತಿರುಗಿ ನೋಡಿದಳು, ಇವನಿಗೆ ಕೋಪಾನಾ ಹೆದರಿಕೆನಾ ಅಂತ. ಬರುವ ಉತ್ತರದ ಉದ್ದ ನೋಡಿ ನೀವೇ ಬೆಚ್ಚಬಹುದು. ಹಾಗಂತ ಬರೀ ಗ್ರಾಫಿಕ್ ಕಾದಂಬರಿ ಸಾಕು, ಬೇರೇನೂ ಬೇಡ ಅಂತಲೂ ನಾನು ಹೇಳಲ್ಲ. ಉದ್ದ ಗದ್ಯ ಓದುವ ಅಭ್ಯಾಸ ಬೇರೆ, ಅದಕ್ಕೆ ಅದರದೇ ಪುಸ್ತಕ ಬೇಕು.

ಇದರಲ್ಲಿ ಹೊಸದೇನಿಲ್ಲ, ಎಲ್ಲ ಅಲ್ಲಿ ಇಲ್ಲಿ ತಂದದ್ದು ಅಂತಾರಲ್ಲ?

ಮಾಯಾ ಕಲ್ಲು, ಅದರೊಳಗಿನ ಆಸೆ ತೋರಿಸುವ ದನಿ, ಎದ್ದು ನಡೆಯುವ ಮನೆ, ಹಾರುವ ಹಡಗು, ಮುಖವಾಡದ ದುಷ್ಟ ರಾಜ. ಸಿನಿಮಾ, ಕಾದಂಬರಿ ಓದಿ ನೋಡಿ ಬೆಳೆದ ದೊಡ್ಡವರಿಗೆ ಇವೆಲ್ಲ ಹಳೇ ಪರಿಚಯ. ಜಪಾನಿನ ಅನಿಮೇಷನ್ ಸಿನಿಮಾ ನಿರ್ದೇಶಕ ಹಯಾವೊ ಮಿಯಾಜಾಕಿಯ ನೆರಳು, ಜೆಫ್ ಸ್ಮಿತ್‌ರ 'ಬೋನ್' ಕಾಮಿಕ್ಸಿನ ನೆರಳು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಮುಚ್ಚಿಡುವ ಪ್ರಯತ್ನವೂ ಇಲ್ಲ.

ಆದರೆ ಒಂಬತ್ತು ವರ್ಷದ ಮಗುವಿಗೆ ನಡೆಯುವ ಮನೆ ಅನ್ನೋದು ಇದೇ ಮೊದಲು. ಅದನ್ನ ಬೇರೆ ಎಲ್ಲೋ ನೋಡಿದ್ದೇನೆ ಅನ್ನೋದು ನಮ್ಮ ತಾಪತ್ರಯ. ನನ್ನ ತಕರಾರು ಬೇರೆ. ತಂದ ಸಾಮಾನುಗಳನ್ನು ಒಂದರ ಮೇಲೊಂದು ಪೇರಿಸುವ ಆತುರದಲ್ಲಿ ಅಲೀಡಿಯಾದ ಸಾಮಾನ್ಯ ಜನ ಏನು ತಿಂತಾರೆ, ಹೇಗೆ ಬದುಕ್ತಾರೆ ಅನ್ನೋದು ಅಷ್ಟಾಗಿ ಕಾಣಲ್ಲ. ಇದಕ್ಕೆ ಅಪವಾದ ಎರಡನೇ ಭಾಗದ ಕನಾಲಿಸ್ ಊರು. ಶಾಪದಿಂದ ಜನ ನಿಧಾನವಾಗಿ ಪ್ರಾಣಿಗಳಾಗುತ್ತಿರುವ ಊರು ಅದು. ಬೀದಿ ಇದೆ, ಆಸ್ಪತ್ರೆ ಇದೆ, ಪ್ರಾಣಿಯಾಗುತ್ತಲೇ ತಮ್ಮ ತಮ್ಮ ಕೆಲಸ ಮಾಡಿಕೊಂಡು ಹೋಗುವ ಮಂದಿ ಇದ್ದಾರೆ. ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟದ ಜಾಗ ಇದು, ಇನ್ನೊಂದಿಷ್ಟು ಪುಟ ಅಲ್ಲೇ ಇರಬಾರದಿತ್ತಾ ಅನ್ನಿಸಿತು.

ಎಮಿಲಿ ಸಪ್ಪೆ ಪಾತ್ರ ಅಂತ ಓದಿದೆ. ಹೌದಾ?

ಮೊದಲ ಭಾಗದಲ್ಲಿ ಹೌದು. ಅವಳು ಒಳ್ಳೆಯವಳು, ಧೈರ್ಯವಂತೆ, ಅಷ್ಟೇ. ಅವಳಿಗೆ ನಗು ಬರುತ್ತಾ, ಅವಳಿಗೆ ಸ್ನೇಹಿತೆಯರಿದ್ದರಾ, ಏನೂ ಗೊತ್ತಾಗಲ್ಲ. ಶಕ್ತಿ ಜಾಸ್ತಿ ಆದ ಹಾಗೆ ಅವಳಿಗೆ ಕೋಪ ಬರಲು ಶುರುವಾಗುತ್ತದೆ ನೋಡಿ, ಅಲ್ಲಿಂದ ಪಾತ್ರಕ್ಕೆ ಜೀವ ಬರುತ್ತದೆ. ಎಂಟನೇ ಭಾಗ 'ಸೂಪರ್‌ನೋವಾ' ಹೊತ್ತಿಗೆ ಅವಳು ದನಿಯ ಕೈಗೆ ಸಿಕ್ಕಿ ತನ್ನ ಹತೋಟಿ ಕಳಕೊಂಡಿರುತ್ತಾಳೆ. ನಾಯಕಿಯೇ ಅಪಾಯ ಆಗುವುದು ಮಕ್ಕಳ ಪುಸ್ತಕದಲ್ಲಿ ಅಷ್ಟು ಸುಲಭವಾಗಿ ಸಿಗುವ ಸಂಗತಿ ಅಲ್ಲ.

ನಾಯಕಿ ಹುಡುಗಿ. ಹುಡುಗರು ಓದ್ತಾರಾ?

ಓದ್ತಾರೆ. ನೇವಿನ್ ಇದ್ದಾನೆ, ಯಂತ್ರ ಓಡಿಸುತ್ತಾನೆ, ಹಾರಿಸುತ್ತಾನೆ, ದೊಡ್ಡ ರೋಬೋ ಒಳಗೆ ಕೂತು ಯುದ್ಧ ಮಾಡುತ್ತಾನೆ. ನಮ್ಮ ಕಡೆಯ ಮಕ್ಕಳು ಅವನನ್ನು ನವೀನ್ ಅಂತಲೇ ಓದಿಕೊಂಡು, ಓ ಇವನು ನಮ್ಮವನು ಅಂತ ಖುಷಿಪಡುವುದೂ ಉಂಟು.

ಮಕ್ಕಳಿಗೆ ಅತಿ ಇಷ್ಟದ ಪಾತ್ರ ಯಾವುದು?

ಚಿಕ್ಕವರಿಗೆ ಮಿಸ್ಕಿಟ್. ಸ್ವಲ್ಪ ದೊಡ್ಡವರಿಗೆ ಟ್ರೆಲಿಸ್, ಅದೂ ವಾದಕ್ಕೇ ಬೀಳುವಷ್ಟು ಇಷ್ಟ. ಟ್ರೆಲಿಸ್ ಎಲ್ಫ್ ರಾಜನ ಮಗ. ಮೊದಲ ಭಾಗದಲ್ಲಿ ಎಮಿಲಿಯ ಬೆನ್ನು ಹತ್ತಿ ಬರುವ ಶತ್ರು. ಆದರೆ ಅವನಿಗೆ ಅಪ್ಪನ ಮೇಲೆ ನಂಬಿಕೆ ಇಲ್ಲ, ಅಪ್ಪ ಅಪ್ಪನಾಗಿ ಉಳಿದಿಲ್ಲ ಅನ್ನುವ ಅನುಮಾನ. ಮೂರನೇ ಭಾಗದಲ್ಲಿ ಅವನೂ ಎಮಿಲಿಯ ಹಡಗಿಗೇ ಬಂದು ಸೇರಬೇಕಾಗುತ್ತದೆ, ಯಾರೂ ಅವನನ್ನು ನಂಬುವುದಿಲ್ಲ, ಅವನೂ ಯಾರ ಹತ್ತಿರವೂ ಬೇಡಿಕೊಳ್ಳುವುದಿಲ್ಲ.

ಓದುಗರು ಯಾಕೆ ಇವನ ಹಿಂದೆ ಬಿದ್ದರು ಅಂತ ಯೋಚಿಸಿದರೆ ಉತ್ತರ ಕಷ್ಟ ಏನಲ್ಲ. ಎಮಿಲಿ ಅಪ್ಪನನ್ನು ಒಂದೇ ಏಟಿಗೆ ಕಳಕೊಂಡಳು. ಇವನು ಕಣ್ಣೆದುರಿಗೇ ಇರುವ ಅಪ್ಪನನ್ನು ಕಳಕೊಂಡಿದ್ದಾನೆ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದ್ದು ಈ ಸರಣಿಯ ಜಾಣತನ, ಮೊದಲ ಭಾಗಕ್ಕೆ ನಿಲ್ಲಿಸಿದವರಿಗೆ ಇದು ಸಿಗುವುದೇ ಇಲ್ಲ.

ಅಮ್ಮನ ಪಾತ್ರ ಬರೀ ಕಾಪಾಡಿಸಿಕೊಳ್ಳೋಕೆ ಇರೋದಾ?

ಶುರುವಿನಲ್ಲಿ ಹಾಗೇ. ಮೊದಲ ಭಾಗದಲ್ಲಿ ಅಪಹರಣ, ಎರಡನೆಯದರಲ್ಲಿ ವಿಷ ಏರಿ ಪ್ರಜ್ಞೆ ಇಲ್ಲ, ಅವಳಿಗಾಗಿ ಗಡೋಬಾ ಮರದ ಹಣ್ಣು ತರಲು ಮಗಳು ಬೆಟ್ಟ ಹತ್ತಬೇಕು. ಈ ದೂರು ನ್ಯಾಯವಾದದ್ದು. ಆಮೇಲೆ ಒಂದು ವಿಶೇಷ ಇದೆ. ಇಂಥ ಕಥೆಗಳಲ್ಲಿ ಅಪ್ಪ ಅಮ್ಮನನ್ನು ಎಲ್ಲೋ ಬಿಟ್ಟು ಮಕ್ಕಳಷ್ಟೇ ಹೊರಡುತ್ತಾರೆ, ಇಲ್ಲಿ ಎಚ್ಚರವಾದ ಅಮ್ಮ ಜೊತೆಗೇ ಬರುತ್ತಾಳೆ. ಬೇಡ ಅನ್ನುತ್ತಾಳೆ, ಜಗಳ ಆಡುತ್ತಾಳೆ, ಮಗಳ ಮುಂದೆ ಸೋಲುತ್ತಾಳೆ, ಆದರೂ ಬರುತ್ತಾಳೆ. ಅಮ್ಮಂದಿರಿಗೆ ಇಷ್ಟವಾಗುವ ಭಾಗ ಇದು, ಮಕ್ಕಳು ಇದನ್ನ ಗಮನಿಸುವುದೂ ಇಲ್ಲ.

ಮಧ್ಯದ ಭಾಗಗಳಲ್ಲಿ ಗೊಂದಲ ಆಗುತ್ತೆ ಅಂತಾರೆ.

ಆಗುತ್ತೆ. ಒಂದರಿಂದ ಮೂರು ಭಾಗ ನೇರ ದಾರಿ: ಅಮ್ಮನನ್ನು ಹುಡುಕು, ಔಷಧಿ ತಾ, ಮೋಡದ ನಡುವಿನ ಊರು ಸಿಯೆಲಿಸ್ ಹುಡುಕು. ನಾಲ್ಕರಲ್ಲಿ ಆ ಊರು ಸಿಗುತ್ತದೆ, ಅಲ್ಲೇನೋ ಸರಿಯಿಲ್ಲ. ಐದರಲ್ಲಿ ಮ್ಯಾಕ್ಸ್ ಅನ್ನೋ ಹುಡುಗನ ಹಳೇ ಕಥೆ. ಆರರಿಂದ ಎಮಿಲಿ ಒಂದು ಕಡೆ, ನೇವಿನ್ ಇನ್ನೊಂದು ಕಡೆ. ಏಳರಲ್ಲಿ ನೆನಪುಗಳ ಒಳಗೆ ಇಳಿಯುತ್ತಾರೆ, ಎಂಟರಲ್ಲಿ ಕಥೆ ಬಾಹ್ಯಾಕಾಶಕ್ಕೆ ಹಾರುತ್ತದೆ. ಪಾತ್ರಗಳು ಎಷ್ಟಾಗುತ್ತವೆ ಅಂದರೆ ಇವನು ಯಾರು ಅಂತ ಹಿಂದಿನ ಭಾಗ ತೆಗೆದು ನೋಡಬೇಕಾಗುತ್ತದೆ. ವರ್ಷಕ್ಕೊಂದು, ಎರಡು ವರ್ಷಕ್ಕೊಂದು ಅಂತ ಓದಿದವರಿಗೆ ಇದು ತುಂಬಾ ಕಷ್ಟ ಆಯಿತು. ಈಗ ಒಟ್ಟಿಗೆ ಓದುವವರಿಗೆ ಅಷ್ಟು ತೊಂದರೆ ಇಲ್ಲ. ಐದನೇ ಭಾಗವನ್ನ ಮಾತ್ರ ಹಾರಿಸಬೇಡಿ, ಮ್ಯಾಕ್ಸ್ ಯಾಕೆ ಹಾಗಾದ ಅಂತ ಅಲ್ಲೇ ಇರೋದು.

ಕೊನೆಯ ಭಾಗಕ್ಕೆ ಅಷ್ಟು ತಡ ಯಾಕಾಯ್ತು? ಕೊನೆ ಹೇಗಿದೆ?

2008ರಿಂದ 2012ರವರೆಗೆ ವರ್ಷಕ್ಕೊಂದರಂತೆ ಐದು ಭಾಗ ಬಂದವು. 2012ರಲ್ಲಿ ಕಿಬುಯಿಶಿ ಮೆದುಳಿನ ಪೊರೆಯ ಸೋಂಕಿನಿಂದ ಗಂಭೀರವಾಗಿ ಕಾಯಿಲೆ ಬಿದ್ದರು, ಚೇತರಿಸಿಕೊಂಡರು. 2013ರಲ್ಲಿ ಅಮೆರಿಕದ ಹ್ಯಾರಿ ಪಾಟರ್ ಪುಸ್ತಕಗಳ ಹದಿನೈದನೇ ವರ್ಷದ ಮುದ್ರಣಕ್ಕೆ ಹೊಸ ಮುಖಪುಟ ಚಿತ್ರಿಸಿದ್ದು ಇವರೇ. ಆಮೇಲೆ ಆರನೆಯದು 2014, ಏಳನೆಯದು 2016, ಎಂಟನೆಯದು 2018. ಅಲ್ಲಿಂದ ಕೊನೆಯದಕ್ಕೆ ಆರು ವರ್ಷ.

ಹತ್ತು ವರ್ಷಕ್ಕೆ ಮೊದಲ ಭಾಗ ಓದಿದ ಮಗು ಕೊನೆಯದು ಬಂದಾಗ ಇಪ್ಪತ್ತಾರರ ಹರೆಯದಲ್ಲಿತ್ತು! ಕೊನೆಯ ಭಾಗದ ಬಗ್ಗೆ ಖಾರವಾಗಿ ಬರೆದವರಲ್ಲಿ ಹಲವರು ಹೀಗೆ ಬೆಳೆದುಬಿಟ್ಟವರು ಅನ್ನೋದನ್ನ ಮರೆಯಬಾರದು. ಅವರು ಕಾಯುತ್ತಾ ತಮ್ಮದೇ ಕೊನೆಗಳನ್ನು ಮನಸ್ಸಲ್ಲಿ ಕಟ್ಟಿಕೊಂಡಿದ್ದರು. ಯಾವ ಪುಸ್ತಕ ಅದಕ್ಕೆ ಸಾಟಿಯಾದೀತು?

ಹಾಗಿದ್ದೂ ಅವರ ಮಾತಿನಲ್ಲಿ ಹುರುಳಿದೆ. ಅಷ್ಟೊಂದು ಪಾತ್ರ, ಅಷ್ಟೊಂದು ಊರು, ಬಾಹ್ಯಾಕಾಶ ಬೇರೆ, ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಮುಗಿಸಲು ಹೊರಟಾಗ ಯಾರಿಗೋ ಅನ್ಯಾಯ ಆಗೇ ಆಗುತ್ತದೆ. ಯುದ್ಧಕ್ಕಿಂತ ದನಿಯ ಜೊತೆಗಿನ ಜಗಳಕ್ಕೆ, ದುಃಖವನ್ನು ಎದುರಿಸುವುದಕ್ಕೆ ಕೊನೆಯಲ್ಲಿ ಒತ್ತು ಕೊಟ್ಟದ್ದು ನನಗೆ ಸರಿ ಕಂಡಿತು. ದೊಡ್ಡ ಹೊಡೆದಾಟಕ್ಕೆ ಕಾದಿದ್ದ ಮಕ್ಕಳು ಮಾತ್ರ ಮುಖ ಉಬ್ಬಿಸುತ್ತಾರೆ. ಒಂಬತ್ತೂ ಭಾಗವನ್ನು ಒಂದೇ ಬೇಸಿಗೆ ರಜೆಯಲ್ಲಿ ಓದುವ ಇವತ್ತಿನ ಮಗುವಿಗೆ ಇದು ಅಷ್ಟು ದೊಡ್ಡ ದೂರಾಗಿ ಕಾಣಲಿಕ್ಕಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಈ ಇಂಗ್ಲಿಷ್ ಕಷ್ಟ ಆಗುತ್ತಾ?

ಕಥೆಪುಸ್ತಕದ ಇಂಗ್ಲಿಷ್‌ಗಿಂತ ಇದು ಸುಲಭ. ಸಣ್ಣ ವಾಕ್ಯ, ಮಾತಿನ ಧಾಟಿ, ಪಕ್ಕದಲ್ಲೇ ಚಿತ್ರ. ಪದ ಗೊತ್ತಿಲ್ಲದಿದ್ದರೂ ಓಡಬೇಕಾ ನಿಲ್ಲಬೇಕಾ ಅಂತ ಮುಖ ನೋಡಿ ತಿಳಿಯುತ್ತದೆ. ಹೆಸರುಗಳು ಮಾತ್ರ ನಾಲಿಗೆ ತಿರುಚುತ್ತವೆ, ಅವನ್ನು ಹೇಗೆ ಬೇಕಾದರೂ ಓದಲಿ ಬಿಡಿ, ಯಾರೂ ಪರೀಕ್ಷೆ ಮಾಡಲ್ಲ.

ಇನ್ನೂ ಒಂದು ದಾರಿ ಇದೆ. ನೀವು ಪಕ್ಕದಲ್ಲಿ ಕೂತು ಮಾತಿನ ಗುಳ್ಳೆಗಳನ್ನು ನಮ್ಮ ಕನ್ನಡದಲ್ಲಿ, ನಿಮ್ಮ ಮನೆಯ ಕನ್ನಡದಲ್ಲಿ ಹೇಳುತ್ತಾ ಹೋಗಿ. ಕಾಗ್ಸ್‌ಲೀ ಮಂಡ್ಯದ ಕಡೆಯ ಮುದುಕನ ಹಾಗೆ ಗೊಣಗಿದರೆ, ಮಿಸ್ಕಿಟ್ ಧಾರವಾಡದ ಕನ್ನಡದಲ್ಲಿ ಸಮಾಧಾನ ಮಾಡಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅಮೆರಿಕ, ಇಂಗ್ಲೆಂಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದು ಇನ್ನೂ ಉಪಯೋಗ, ಶಾಲೆಯ ಗ್ರಂಥಾಲಯದಿಂದ ತಂದ ಪುಸ್ತಕವೇ ಕನ್ನಡ ಮಾತಾಡಲು ನೆಪ ಆಗುತ್ತದೆ.

ಸಿನಿಮಾ ಬರುತ್ತಂತೆ?

ಹಕ್ಕು ಕೊಂಡರು, ಮಾಡ್ತಾರಂತೆ ಅನ್ನುವ ಸುದ್ದಿ ವರ್ಷಗಟ್ಟಲೆಯಿಂದ ಇದೆ. ಕಾಯುವ ಬದಲು ಓದಿಬಿಡಿ.

ಇದು ಮುಗಿದ ಮೇಲೆ ಏನು ಕೊಡಲಿ?

ಭಯಕ್ಕಿಂತ ನಗು ಜಾಸ್ತಿ ಬೇಕಾದರೆ 'ಬೋನ್'. 1991ರಿಂದ 2004ರವರೆಗೆ ಕಪ್ಪುಬಿಳುಪಿನಲ್ಲಿ ಬಂದ ಕಥೆ, 2005ರಿಂದ ಬಣ್ಣದಲ್ಲಿ ಒಂಬತ್ತು ಭಾಗವಾಗಿ ಸಿಗುತ್ತದೆ. ಪಾತ್ರಗಳ ತಮಾಷೆ, ಮಾತಿನ ಸೊಗಸು ಇದರಲ್ಲಿ 'ಆಮ್ಯುಲೆಟ್'ಗಿಂತ ಹೆಚ್ಚು ಅಂತ ನನ್ನ ಅಭಿಪ್ರಾಯ. ಇನ್ನೂ ಚಿಕ್ಕ ಮಗುವಾದರೆ ಬ್ರಿಟನ್ನಿನ ಲೂಕ್ ಪಿಯರ್ಸನ್ನರ 'ಹಿಲ್ಡಾ'. ಅದರಲ್ಲಿ ದೈತ್ಯರಿದ್ದಾರೆ, ಟ್ರೋಲ್‌ಗಳಿದ್ದಾರೆ, ಆದರೆ ರಾತ್ರಿ ನಿದ್ದೆಗೆ ತೊಂದರೆ ಇಲ್ಲ.

ಒಂಬತ್ತೂ ಒಟ್ಟಿಗೆ ಕೊಳ್ಳಲಾ, ಒಂದೊಂದಾಗಿ ಕೊಳ್ಳಲಾ?

ಒಂದನ್ನು ಮಾತ್ರ ಕೊಂಡು ನೋಡೋಣ ಅನ್ನೋದು ಸಹಜ ಲೆಕ್ಕಾಚಾರ, ಈ ಸರಣಿಗೆ ಮಾತ್ರ ಅದು ಹೊಂದಲ್ಲ. ಮೊದಲ ಭಾಗ ಅರ್ಧಕ್ಕೆ ನಿಲ್ಲುತ್ತದೆ, ಅಮ್ಮ ಇನ್ನೂ ಎಚ್ಚರ ಆಗಿರುವುದಿಲ್ಲ. ಎರಡು ಭಾಗ ಒಟ್ಟಿಗೆ ತನ್ನಿ. ಎರಡನೆಯದು ಮುಗಿದ ಮೇಲೂ ಮಗು ಮೂರನೆಯದನ್ನು ಕೇಳಲಿಲ್ಲ ಅಂದರೆ ಇದು ಅವರ ಪುಸ್ತಕ ಅಲ್ಲ, ಬಲವಂತ ಬೇಡ. ಕೇಳಿದರೆ ಐದರವರೆಗೆ ಧೈರ್ಯವಾಗಿ ಕೊಳ್ಳಿ. ಆರರ ಮೇಲಿನವು ಒಂದಕ್ಕೊಂದು ಅಂಟಿಕೊಂಡಿವೆ, ಕೊಂಡರೆ ನಾಲ್ಕೂ ಒಟ್ಟಿಗೆ ಕೊಳ್ಳಬೇಕು, ಇಲ್ಲದಿದ್ದರೆ ರಾತ್ರಿ ಹತ್ತು ಗಂಟೆಗೆ ಮುಂದಿನದು ಎಲ್ಲಿ ಅಂತ ನಿಮ್ಮ ಪ್ರಾಣ ತಿಂತಾರೆ.